ಬೋರ್ಡಕ್ಕನಿಗೆ ಹೌದೆಂದವರು

ಬೋರ್ಡಕ್ಕನ ತೋರುಬೆರಳ ತುದಿಯಲ್ಲಿ ತೊಗರಿಕಾಳಿನಷ್ಟಗಲದ ಸುಟ್ಟ ಕಲೆ. ಉಗುರಿನಷ್ಟೇ ಗಟ್ಟಿ ಎಂದು ಅವರೇ ಅದನ್ನು ಮೇಜಿಗೆ ಟಕಟಕ ಬಡಿದು ತೋರಿಸುತ್ತಿದ್ದರು. ಬಲಗೈ ಬೆರಳು ಎಂದು ಬರೆದು ಹೊಡೆದುಹಾಕಿದೆ. ಸೋಲ್ಡರಿಂಗ್ ಐರನ್ ಇರುತ್ತಿದ್ದುದು ಬಲಗೈಯಲ್ಲಿ. ಹಾಗಿದ್ದ ಮೇಲೆ ಸುಡಬೇಕಾದದ್ದು ಸೀಸದ ತಂತಿ ಹಿಡಿದ ಎಡಗೈ ಬೆರಳು. ಆದರೆ ಕಣ್ಣಮುಂದೆ ಬರುವುದು ಬಲಗೈಯೇ. ತರ್ಕ ಒಂದು ಕೈ ತೋರಿಸುತ್ತದೆ, ನೆನಪು ಇನ್ನೊಂದು. ಎರಡನ್ನೂ ಪೂರ್ತಿ ನಂಬದೆ ಮುಂದುವರಿಯುತ್ತೇನೆ.

ಹಿರಿಯೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕೆಳಗೆ ನನ್ನ ಡಿಟಿಪಿ ಅಂಗಡಿ, ಮೇಲೆ ಅವರದು. ಲಗ್ನಪತ್ರಿಕೆಗೂ ಶ್ರದ್ಧಾಂಜಲಿ ಕಾರ್ಡಿಗೂ ಅಕ್ಷರ ಜೋಡಿಸುವುದು ನನ್ನ ಕಸುಬು, ಕೆಟ್ಟ ಕಂಪ್ಯೂಟರುಗಳ ಮದರ್‌ಬೋರ್ಡ್ ರಿಪೇರಿ ಅವರದು. ಬರೀ ಸಾಫ್ಟ್‌ವೇರ್ ಹಾಕಿಕೊಡುವವರು ಊರಲ್ಲಿ ಬೇಕಾದಷ್ಟಿದ್ದರು. ಬೋರ್ಡನ್ನೇ ಬಿಚ್ಚಿ, ಕೆಟ್ಟ ಭಾಗ ಕಿತ್ತು ಹೊಸದು ಕೂರಿಸುವವರು ಅವರೊಬ್ಬರೇ. ಅದಕ್ಕೇ ಬೋರ್ಡಕ್ಕ ಎಂಬ ಹೆಸರು. ಅವರ ಯಜಮಾನರು ಖಾಸಗಿ ಬಸ್ಸಿನ ಕಂಡಕ್ಟರ್ ಕೆಲಸ ಬಿಟ್ಟು ಬಂದು ಅಂಗಡಿಯ ಕೌಂಟರ್ ನೋಡಿಕೊಳ್ಳುತ್ತಿದ್ದರು. ಗಿರಾಕಿಗಳ ಎದುರು ಅವರೂ ಹೆಂಡತಿಯನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅಕ್ಕ ಅದನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ನೋಡ್ರಿ, ತಾಳಿ ಕಟ್ಟಿ ತಮ್ಮ ಆದೋರು ಇವ್ರೊಬ್ರೇ" ಎನ್ನುವರು. ನಾನು ಅವರನ್ನು ಭಾವ ಎನ್ನುತ್ತಿದ್ದೆ.

ಅಕ್ಕನಿಗೆ ಒಂದು ಪದ್ಧತಿಯಿತ್ತು. ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೊದಲು ಅವರು ಬೇರೆ ಊರಿನ ಯಾವುದೋ ಅಂಗಡಿಯಲ್ಲಿ ಕೆಲಸಕ್ಕಿದ್ದರಂತೆ. ಅಲ್ಲಿ ರಿಪೇರಿಗೆ ಬಂದ ಕಂಪ್ಯೂಟರಿನಿಂದ ಒಳ್ಳೆಯ ರ‍್ಯಾಮ್ ಕಿತ್ತು, ಅದರ ಜಾಗಕ್ಕೆ ಹಳೆಯದನ್ನು ಸೇರಿಸಿ ಕಳಿಸುವುದನ್ನು ಕಣ್ಣಾರೆ ಕಂಡಿದ್ದರು. ತಮ್ಮದೇ ಅಂಗಡಿ ಮಾಡಿದಾಗ ಗಿರಾಕಿ ಎದುರಿಗಿಲ್ಲದೆ ಕ್ಯಾಬಿನೆಟ್ ಬಿಚ್ಚುವುದಿಲ್ಲ ಎಂದು ನಿಯಮ ಮಾಡಿಕೊಂಡರು. ಬಂದವರು ಮೊದಲು ಕಿಟಕಿಯ ಸರಳು ಮುಟ್ಟಬೇಕು. ನಮ್ಮ ಕಡೆಯ ಒಣಗಾಳಿಗೆ ಮೈಮೇಲೆ ಸೇರಿಕೊಳ್ಳುವ ಕರೆಂಟು ನಮಗೆ ತಿಳಿಯುವುದೇ ಇಲ್ಲ, ಆದರೆ ಚಿಪ್ಪು ಸುಟ್ಟುಹೋಗಲು ಅಷ್ಟೇ ಸಾಕು. ಸರಳು ಮುಟ್ಟಿದ ಮೇಲೆ ಸ್ಟೂಲಿನ ಮೇಲೆ ಕೂರಬೇಕು. ಅಕ್ಕ ಉರಿದು ಉಳಿದ ಊದುಬತ್ತಿ ಕಡ್ಡಿಯಿಂದ ಒಂದೊಂದೇ ಭಾಗ ತೋರಿಸಿ, ಅದರ ಹೆಸರು ಹೇಳಿ, ಅದು ಏನು ಮಾಡುತ್ತದೆ ಎಂದು ಹೇಳುವರು. ಕಡ್ಡಿ ತೋರಿಸಿದಲ್ಲಿ ಗಿರಾಕಿ ತನ್ನ ಬೆರಳಿಟ್ಟು "ಹೌದಕ್ಕ" ಅನ್ನಬೇಕು. ರಿಪೇರಿ ಮುಗಿದು ಮನೆಗೆ ಒಯ್ಯುವಾಗ ಮತ್ತೊಮ್ಮೆ ಅಷ್ಟೂ ಆಗಬೇಕು. ತನ್ನ ವಸ್ತು ಕೊಟ್ಟಂತೆಯೇ ಇದೆ ಎಂದು ಅವನಿಗೆ ಅವನೇ ಸಾಕ್ಷಿ.

ಹೊಸದುರ್ಗದ ಕೊಬ್ಬರಿ ವ್ಯಾಪಾರಿಯೊಬ್ಬರು ಮೊದಲ ಸಲ ಬಂದಾಗ ನಾನು ಅಲ್ಲಿಯೇ ಟೀ ಕುಡಿಯುತ್ತಿದ್ದೆ. ಕಂಪ್ಯೂಟರ್ ಬಿಟ್ಟು ಪೇಟೆಗೆ ಹೋಗಿ ಬರುತ್ತೇನೆ ಎಂದರು. ಭಾವ ಮೆಟ್ಟಿಲಿಗೆ ಅಡ್ಡ ನಿಂತರು. ಅಕ್ಕ ಸ್ಟೂಲು ತೋರಿಸಿದರು.

"ಕುಂತ್ಕಳ್ರಿ. ಇದು ನಿಮ್ದು, ನಂದಲ್ಲ. ನೋಡ್ಕಂಡು ಹೋಗ್ರಿ."

ಕಡ್ಡಿ ಮೊದಲು ಹೋದದ್ದು ದಪ್ಪ ವಯರಿನ ಕಟ್ಟು ಬಂದು ಸೇರುವ ಉದ್ದನೆಯ ಕನೆಕ್ಟರಿಗೆ: ಕರೆಂಟು ಒಳಬರುವುದು ಇಲ್ಲಿಂದ. ಅಲ್ಲಿಂದ ಡ್ರಮ್ಮಿನ ಆಕಾರದ ಪುಟ್ಟ ಕೆಪಾಸಿಟರುಗಳಿಗೆ: ಕರೆಂಟು ಏರಿಳಿದರೆ ಅದನ್ನು ತಮ್ಮಲ್ಲಿ ಹಿಡಿದಿಟ್ಟುಕೊಂಡು ಹದ ಮಾಡಿ ಬಿಡುವವು ಇವು, ಇವುಗಳ ತಲೆ ಉಬ್ಬಿದ್ದರೆ ಕಾಯಿಲೆ ಗೊತ್ತಾಯಿತು ಅಂತಲೇ ಲೆಕ್ಕ. ಪಂಪ್‌ಸೆಟ್ಟು ಶುರುವಾದಾಗೆಲ್ಲ ದೀಪ ಮಂಕಾಗುವ ಹಳ್ಳಿಗಳಿಂದ ಬಂದ ಬೋರ್ಡುಗಳಲ್ಲಿ ಹೆಚ್ಚಾಗಿ ಕೆಡುತ್ತಿದ್ದುದು ಇವೇ. ಆಮೇಲೆ ಫ್ಯಾನ್ ಬಿಚ್ಚಿ, ಒಣಗಿದ ಬಿಳಿ ಪೇಸ್ಟ್ ಒರೆಸಿ, ಪ್ರೊಸೆಸರ್ ಕೂತ ಸಾಕೆಟ್ ತೋರಿಸಿದರು. ಲೆಕ್ಕವೆಲ್ಲ ನಡೆಯುವುದು ಅಲ್ಲಿ, ಕಾಯುವುದೂ ಅಲ್ಲಿ, ಅದಕ್ಕೇ ತಲೆಮೇಲೆ ಫ್ಯಾನು. ಪಕ್ಕದ ಉದ್ದ ಸ್ಲಾಟಿನಲ್ಲಿ ನಿಂತಿದ್ದು ರ‍್ಯಾಮ್, ಸದ್ಯಕ್ಕೆ ಬೇಕಾದದ್ದನ್ನು ಮಾತ್ರ ಇಟ್ಟುಕೊಳ್ಳುವುದು, ಕರೆಂಟು ಹೋದರೆ ಎಲ್ಲ ಮರೆಯುವುದು. ಬಟನ್ ಒತ್ತಿದ ಕೂಡಲೇ ಮೊದಲು ಏಳುವುದು ಬಯಾಸ್ ಚಿಪ್ಪು, ಯಾರು ಯಾರು ಬಂದಿದ್ದಾರೆ ಎಂದು ಹಾಜರಿ ತೆಗೆದುಕೊಂಡು ಉಳಿದವರನ್ನು ಎಬ್ಬಿಸುವುದು. ಅದರ ಹತ್ತಿರ ಗುಂಡನೆಯ ಬ್ಯಾಟರಿ. ಕಂಪ್ಯೂಟರ್ ಆರಿಸಿದಾಗಲೂ ತಾರೀಕು, ಗಂಟೆ ಕಾಯುವುದು ಅದರ ಕೆಲಸ. ಪ್ರತಿ ದಿನ ಬೆಳಿಗ್ಗೆ ಕಂಪ್ಯೂಟರು ಯಾವುದೋ ಹಳೆಯ ವರ್ಷ ತೋರಿಸಿದರೆ ಕೆಟ್ಟಿದ್ದು ಇದೇ.

ವ್ಯಾಪಾರಿ ಎಲ್ಲದಕ್ಕೂ ಬೆರಳಿಟ್ಟು ಹೌದಕ್ಕ ಎಂದರು. ಕೊನೆಗೆ, ಇದರಲ್ಲಿ ಹೃದಯ ಯಾವುದು ಎಂದು ಕೇಳಿದರು. ಅಕ್ಕನಿಗೆ ಆಗದ ಪ್ರಶ್ನೆ ಇದೊಂದೇ.

"ಹೃದಯನೂ ಇಲ್ಲ, ಮೆದುಳೂ ಇಲ್ಲ. ಎಲ್ರೂ ಇದನ್ನೇ ಕೇಳ್ತೀರಲ್ರಿ. ಬೋರ್ಡು ತಾನಾಗಿ ಏನೂ ಮಾಡಲ್ಲ. ಮಾಡೋರ್ನ ಒಂದ್ಕಡೆ ಕೂರಿಸಿ, ಒಬ್ರ ಮಾತು ಒಬ್ರಿಗೆ ಮುಟ್ಟಂಗೆ ನೋಡ್ಕಳ್ತೈತೆ. ಈ ಗೆರೆ ಕಾಣ್ತವಲ್ಲ, ಎಲ್ಲ ಅದಕ್ಕೇ."

ಕೂದಲಿಗಿಂತ ತೆಳ್ಳಗಿನ ಆ ತಾಮ್ರದ ಗೆರೆಗಳನ್ನು ಬೋರ್ಡು ಓರೆಮಾಡಿ ಬೆಳಕಿಗೆ ಹಿಡಿದು ತೋರಿಸಿದ್ದು ಚೆನ್ನಾಗಿ ನೆನಪಿದೆ. ಇದು ಅದೇ ದಿನವೋ, ಇನ್ನೊಬ್ಬರಿಗೆ ತೋರಿಸಿದ್ದನ್ನು ಆ ದಿನಕ್ಕೆ ತಂದು ಅಂಟಿಸುತ್ತಿದ್ದೇನೋ ತಿಳಿಯದು. ವರ್ಷಗಟ್ಟಲೆ ನೋಡಿದ ಒಂದೇ ಬಗೆಯ ದೃಶ್ಯಗಳು ಒಂದರೊಳಗೊಂದು ಸೇರಿಹೋಗಿವೆ.

ಆನ್ ಮಾಡಿದಾಗ ಕುಯ್ಯೋ ಎಂದು ಬೀಪ್ ಹೊಡೆಯುವ ಕಂಪ್ಯೂಟರನ್ನು ಹೊತ್ತು ತಂದವರು ಗಾಬರಿಯಲ್ಲಿರುತ್ತಿದ್ದರು. ಅಕ್ಕ ನಗುವರು. ಉದ್ದ ಬೀಪಿಗೆ ಒಂದು ಅರ್ಥ, ಬಿಟ್ಟು ಬಿಟ್ಟು ಹೊಡೆದರೆ ಇನ್ನೊಂದು. "ಕೂಗ್ತೈತೆ ಅಂದ್ರೆ ಎಲ್ಲಿ ನೋವು ಅಂತ ಹೇಳ್ತೈತೆ. ಫ್ಯಾನು ತಿರುಗ್ತಾ ಇದ್ದು, ದೀಪ ಉರೀತಾ ಇದ್ದು, ಸುಮ್ನಿರ್ತೈತಲ್ಲ, ಆ ಬೋರ್ಡು ಕಷ್ಟ" ಎನ್ನುವರು.

ಮೊದಲು ಬಿದ್ದದ್ದು ಟೀ ಲೋಟ. ಅಕ್ಕನ ಎಡಗಡೆ ಇಟ್ಟಿದ್ದೆವು, ಕೈ ತಾಗಿ ಬೋರ್ಡಿನ ಮೇಲೆಯೇ ಉರುಳಿತು. ಅವರು ಗಲಿಬಿಲಿಗೊಳ್ಳದೆ ಬೋರ್ಡನ್ನು ನಲ್ಲಿ ನೀರಿನಲ್ಲಿ ತೊಳೆದು, ಸ್ಪಿರಿಟ್ ಹಚ್ಚಿ ಉಜ್ಜಿ, ಮಹಡಿಯ ಮೇಲೆ ಹಪ್ಪಳದಂತೆ ಒಣಗಿಸಿದರು. ಬೋರ್ಡು ಬದುಕಿತು. ನಾವು ನಕ್ಕೆವು. ಆಮೇಲೆ ಮತ್ತೆ ಟೀ ಬಿತ್ತು. ಆಮೇಲೆ ಬಾಗಿಲ ಚೌಕಟ್ಟಿಗೆ ಭುಜ ಬಡಿಯಿತು, ಒಂದೇ ಭುಜ, ಹಲವು ಸಲ. ಅಕ್ಕ ಬಾಗಿಲನ್ನು ಬೈದರು. ಭಾವ ಬಾಗಿಲನ್ನೇ ಕೀಲಿನಿಂದ ಬಿಚ್ಚಿ ಒಳಗೆ ಒರಗಿಸಿಟ್ಟರು. ಲೋಟ ಎದುರಿಗೇ ಇಡತೊಡಗಿದರು. ಸ್ಕ್ರೂ ಹಾಕುವ ತಟ್ಟೆಯೂ ಬದಿಯಿಂದ ಮುಂದಕ್ಕೆ ಬಂತು. ಒಂದೊಂದೂ ಎಷ್ಟು ಸಣ್ಣ ಬದಲಾವಣೆ ಎಂದರೆ, ಯಾರಿಗೂ ಎಲ್ಲವನ್ನೂ ಕೂಡಿಸಿ ನೋಡಬೇಕು ಅನ್ನಿಸಲಿಲ್ಲ.

ಕಣ್ಣು ತೋರಿಸಲಿಲ್ಲವೆಂದಲ್ಲ. ಭಾವ ಅವರನ್ನು ಊರಿನ ಕನ್ನಡಕದ ಅಂಗಡಿಗೆ ಕರೆದೊಯ್ದಿದ್ದರು. ಗೋಡೆಯ ಮೇಲಿನ ಹಲಗೆಯಲ್ಲಿ ಅತಿ ಸಣ್ಣ ಸಾಲನ್ನೂ ಅಕ್ಕ ಸಲೀಸಾಗಿ ಓದಿದರು. ಹಿಂತಿರುಗಿ ಬಂದು ಭಾವನನ್ನು ಗೇಲಿ ಮಾಡಿದ್ದು ನನಗೂ ಕೇಳಿಸಿತು. "ಸಾಸ್ವೆಗಿಂತ ಸಣ್ಣ ಪಿನ್ನು ಬಗ್ಗಿದ್ರೆ ನೆಟ್ಟಗೆ ಮಾಡ್ತೀನಿ. ನನ್ ಕಣ್ಣಿಗೇನಾಗೈತೆ? ನಿಮ್ಗೇ ತೋರಿಸ್ಕಳ್ರಿ, ಹೋದ್ ವಾರ ಯಾರೋ ಹೆಂಗಸಿಗೆ ಸರ್ ಅಂದ್ರಿ."

ಆ ಮಾತು ನಿಜವೂ ಆಗಿತ್ತು. ಪ್ರೊಸೆಸರ್ ಸಾಕೆಟ್ಟಿನೊಳಗಿನ ಪಿನ್ನುಗಳು ರವೆಗಿಂತ ಸಣ್ಣವು, ಒತ್ತೊತ್ತಾಗಿ ಸಾಲುಗಟ್ಟಿ ನಿಂತವು. ಒಂದು ವಾಲಿದರೂ ಕಂಪ್ಯೂಟರ್ ಏಳುವುದಿಲ್ಲ. ಅಕ್ಕ ಸೂಜಿಯ ಮೊನೆಯಿಂದ ಅದನ್ನು ನಿಲ್ಲಿಸುವರು. ನೇರ ಎದುರಿಗಿದ್ದದ್ದು ಎಷ್ಟು ಸಣ್ಣದಾದರೂ ಅವರಿಗೆ ಕಾಣುತ್ತಿತ್ತು. ಬದಿಯಿಂದ ಲೋಕ ಮುಚ್ಚಿಕೊಳ್ಳುತ್ತಾ ಬರುತ್ತಿದೆ ಎಂದು ನಂಬುವುದು ಹೇಗೆ? ನಂಬದಿರಲು ಅವರಿಗೆ ಕೈತುಂಬ ಪುರಾವೆಯಿತ್ತು.

ನಾನು ಅಷ್ಟರಲ್ಲಿ ಅಂಗಡಿ ಮುಚ್ಚಿ ದುರ್ಗದ ಒಂದು ಪ್ರೆಸ್ಸಿಗೆ ಸೇರಿದೆ. ಮುಂದಿನದು ಭಾವ ಹೇಳಿದ್ದು, ಅಕ್ಕ ಹೇಳಿದ್ದು, ಊರವರು ಹೇಳಿದ್ದು.

ಕಡ್ಡಿ ತಪ್ಪತೊಡಗಿತ್ತು. ಸಾಕೆಟ್ಟನ್ನು ನೋಡುತ್ತಿರುವಾಗ ಬೋರ್ಡಿನ ಅಂಚಿನಲ್ಲಿರುವ ಬ್ಯಾಟರಿ ಅಕ್ಕನ ನೋಟದೊಳಗೆ ಇರುತ್ತಿರಲಿಲ್ಲ. ಅವರಿಗೆ ಅದರ ಅಗತ್ಯವೂ ಇರಲಿಲ್ಲ, ಇರುವ ಜಾಗ ಕೈಗೇ ಗೊತ್ತು. ಹಳೆಯ ಬೋರ್ಡುಗಳಲ್ಲಿ ಅದು ಸರಿಯಾಗಿಯೇ ಹೋಗಿ ಮುಟ್ಟುತ್ತಿತ್ತು. ಹೊಸ ಬೋರ್ಡುಗಳಲ್ಲಿ ಒಂದೊಂದು ಕಂಪನಿ ಒಂದೊಂದು ಕಡೆ ಬ್ಯಾಟರಿ ಇಟ್ಟಿರುತ್ತದೆ. ಕಡ್ಡಿ ಹೋಗಿ ಏನೂ ಇಲ್ಲದ ಖಾಲಿ ಜಾಗದಲ್ಲಿ ನಿಲ್ಲುತ್ತಿತ್ತು. ಇದು ಬ್ಯಾಟರಿ, ತಾರೀಕು ಕಾಯುವುದು. ಗಿರಾಕಿ ಆ ಖಾಲಿ ಜಾಗದ ಮೇಲೆ ಬೆರಳಿಡುತ್ತಿದ್ದ. ಹೌದಕ್ಕ.

ಯಾರೂ ಅಕ್ಕನಿಗೆ ಸುಳ್ಳು ಹೇಳುತ್ತಿದ್ದೇವೆ ಅಂದುಕೊಂಡು ಹೇಳಿದ್ದಲ್ಲ. ವರ್ಷಾನುಗಟ್ಟಲೆ ತಮಗೆ ಮೋಸವಾಗದಂತೆ ನೋಡಿಕೊಂಡ ಹೆಂಗಸಿನ ಎದುರು ಕೂತು, ಅಲ್ಲಕ್ಕ, ನೀವು ತೋರಿಸಿದ್ದು ತಪ್ಪು ಎನ್ನುವುದು ಬಾಯಿಗೆ ಬರುವ ಮಾತಲ್ಲ. ಮೆಟ್ಟಿಲ ಬಳಿ ಭಾವ ಬೇರೆ ಮೊದಲೇ ತಗ್ಗಿದ ದನಿಯಲ್ಲಿ ಹೇಳಿಕೊಡುತ್ತಿದ್ದರಂತೆ: ಅಕ್ಕನಿಗೆ ಈಚೆಗೆ ಸುಸ್ತು ಜಾಸ್ತಿ, ಎಲ್ಲಾದರೂ ಆಚೀಚೆ ತೋರಿಸಿದರೆ ಹೌದು ಅನ್ನಿ, ಒಳಗಿನ ಕೆಲಸ ನಾನು ಇನ್ನೊಮ್ಮೆ ನೋಡಿಯೇ ಕೊಡುತ್ತೇನೆ. ರಾತ್ರಿ ಮಲಗುವ ಮುಂಚೆ ಮೈ ನೋವಿನ ಎಣ್ಣೆ ತಿಕ್ಕುತ್ತಿದ್ದರು. ಸುಸ್ತಿಗೆ ಟಾನಿಕ್ ತಂದಿದ್ದರು. ಅವರು ನಿಜವಾಗಿ ಸುಸ್ತು ಎಂದೇ ನಂಬಿದ್ದರೋ, ನಂಬಲು ಬಯಸಿದ್ದರೋ, ನಾನು ಕೇಳಿಲ್ಲ. ಹೌದಕ್ಕ ಎಂದವರ ಪೈಕಿ ನಾನೂ ಇರಬಹುದು, ಊರಿಗೆ ಬಂದಾಗಲೆಲ್ಲ ಅಲ್ಲಿ ಕೂತಿದ್ದೇನೆ. ನೆನಪಿಲ್ಲ. ನೆನಪಿಲ್ಲದಿರುವುದನ್ನು ನೆಚ್ಚುವಂತೆಯೂ ಇಲ್ಲ.

ಸತ್ಯ ಹೇಳಿದಾಕೆ ಜವನಗೊಂಡನಹಳ್ಳಿಯವಳು. ಆನ್‌ಲೈನ್ ಅರ್ಜಿ ತುಂಬಿಕೊಡುವ ಪುಟ್ಟ ಅಂಗಡಿ ಇಟ್ಟುಕೊಂಡಿದ್ದ ಹೆಣ್ಣುಮಗಳು. ಅಕ್ಕನನ್ನು ಅವಳು ಮೊದಲು ನೋಡಿರಲಿಲ್ಲ. ಅಂಗಡಿಯಲ್ಲಿ ಜನ ಕಾಯುತ್ತಿದ್ದಾರೆ ಎಂಬ ಅವಸರದಲ್ಲಿದ್ದಳು. ಭಾವ ಮೆಟ್ಟಿಲ ಬಳಿ ಹೇಳಿದ್ದನ್ನು ಕೇಳಿಸಿಕೊಂಡಳೋ ಇಲ್ಲವೋ. ಕಡ್ಡಿ ಖಾಲಿ ಜಾಗಕ್ಕೆ ಬಂದು ನಿಂತಾಗ ಅವಳು ಬೆರಳಿಡಲಿಲ್ಲ.

"ಅಲ್ಲೇನೂ ಇಲ್ಲಲ್ಲಕ್ಕ. ಬ್ಯಾಟ್ರಿ ಇಲ್ಲೈತೆ ನೋಡ್ರಿ, ಕೆಳಗೆ. ಇಷ್ಟ್ ಹತ್ರ ಐತಲ್ಲ, ನಿಮ್ಗೆ ಕಾಣಲ್ವಾ?"

ಭಾವ ಕೆಮ್ಮಿದರು. ಅಕ್ಕ ತಲೆ ತಿರುಗಿಸಿ, ಮತ್ತೆ ತಿರುಗಿಸಿ, ಕೊನೆಗೆ ಬ್ಯಾಟರಿಯನ್ನು ಹುಡುಕಿದರು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಯಜಮಾನರ ಕಡೆ ತಿರುಗಿದರು.

"ಎಷ್ಟ್ ಜನ ಹೌದು ಅಂದಿದಾರೆ?"

ಅಕ್ಕ ಇದನ್ನು ಮೆಲ್ಲಗೆ ಕೇಳಿದರು ಎಂದು ಭಾವ ಹೇಳುತ್ತಾರೆ. ಕಡ್ಡಿ ಅವರ ಮುಖಕ್ಕೆ ಎಸೆದೇ ಕೇಳಿದೆ ಎಂದು ಅಕ್ಕ ಹೇಳಿದ್ದರು. ಈ ದೃಶ್ಯ ನನ್ನ ತಲೆಯಲ್ಲಿ ಎಷ್ಟು ಸ್ಪಷ್ಟವಾಗಿ ಕೂತಿದೆಯೆಂದರೆ, ಬಹಳ ಕಾಲ ನಾನು ಅಲ್ಲಿಯೇ ಇದ್ದೆನೆಂದು, ಬ್ಯಾಟರಿ ಅಲ್ಲಿಲ್ಲಕ್ಕ ಎಂದವನು ನಾನೇ ಎಂದು ನಂಬಿಕೊಂಡಿದ್ದೆ. ಒಮ್ಮೆ ಭಾವನೆದುರು ಹಾಗೆಯೇ ಹೇಳಿದಾಗ ಅವರು ಬೆರಗಾಗಿ ನೋಡಿದರು. "ನೀನೆಲ್ಲಿದ್ಯೋ ಮಾರಾಯ, ನೀನು ಆಗ್ಲೇ ದುರ್ಗಕ್ಕೆ ಹೋಗಿದ್ದೆ." ಆ ಹೆಣ್ಣುಮಗಳ ಮುಖವನ್ನು ನಾನು ನೋಡಿದ್ದೇ ಇಲ್ಲ. ಆದರೂ ಈಗಲೂ ಅವಳು ಹಸಿರು ಸೀರೆ ಉಟ್ಟಿರುತ್ತಾಳೆ.

ಅಕ್ಕ ಆ ಕಂಪ್ಯೂಟರನ್ನು ರಿಪೇರಿ ಮಾಡಿಯೇ ಕೊಟ್ಟರಂತೆ. ಮರುದಿನ ದುರ್ಗದ ಕಣ್ಣಿನ ಆಸ್ಪತ್ರೆಗೆ ಬಂದರು, ಪ್ರೆಸ್ಸಿನಿಂದ ನಾನೂ ಹೋದೆ. ಒಂದು ಯಂತ್ರದೊಳಗೆ ಗಲ್ಲವಿಟ್ಟು ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಿ ಬೆಳಕು ಮಿಂಚಿದರೂ ಕೈಯಲ್ಲಿನ ಗುಂಡಿ ಒತ್ತಬೇಕು. ಹೊರಗೆ ಕೂತ ನಮಗೆ ಗುಂಡಿಯ ಸದ್ದು ಕೇಳುತ್ತಿತ್ತು. ನಮಗಿಂತ ಮುಂಚೆ ಹೋದ ಮುದುಕರು ಅದನ್ನು ಬಿಡದೆ ಒತ್ತಿದ್ದರು. ಅಕ್ಕ ಒಳಗಿದ್ದಾಗ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಯಂತ್ರ ಕೆಟ್ಟಿರಬೇಕು ಎಂದು ಭಾವ ನನಗೆ ಹೇಳಿದರು, ಎರಡು ಸಲ ಹೇಳಿದರು.

ಡಾಕ್ಟರು ಒಳ್ಳೆಯವರು. ಹಾಳೆಯಲ್ಲಿ ಅಚ್ಚಾಗಿ ಬಂದ ಕಪ್ಪನ್ನು, ಅಕ್ಕನಿಗೆ ಕಾಣದ ಭಾಗವನ್ನು, ತೋರಿಸಿ ಹೇಳಿದರು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸವೆದಿದೆ. ನೋವಿಲ್ಲದೆ, ಅಂಚಿನಿಂದ ಶುರುವಾಗಿ ಒಳಕ್ಕೆ ಬರುವ ಕಾಯಿಲೆ ಇದು. ಕೊನೆಯವರೆಗೂ ಎದುರಿಗಿನದು ಚೆನ್ನಾಗಿ ಕಾಣುವುದರಿಂದ ಜನಕ್ಕೆ ತಿಳಿಯುವುದೇ ಇಲ್ಲ. ಹೋದದ್ದು ಮರಳುವುದಿಲ್ಲ, ಹನಿ ಹಾಕಿಕೊಂಡು ಉಳಿದದ್ದನ್ನು ಉಳಿಸಿಕೊಳ್ಳಬಹುದು. ಲೋಟ ಬೀಳುವುದು, ಬಾಗಿಲಿಗೆ ತಾಗುವುದು ಶುರುವಾದಾಗಲೇ ಬಂದಿದ್ದರೆ ಬಹಳಷ್ಟು ಉಳಿಯುತ್ತಿತ್ತು. ಈ ಕೊನೆಯ ಮಾತನ್ನು ಅವರು ಹೇಳಬಾರದಿತ್ತೋ, ಹೇಳಿದ್ದೇ ಸರಿಯೋ. ಭಾವ ಮಾತ್ರ ಅದನ್ನು ಕೇಳಿದವರೇ ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

ಅಂಗಡಿ ಕೂಡಲೇ ಮುಚ್ಚಲಿಲ್ಲ. ಅಕ್ಕ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳುವುದು, ಭಾವ ಕೈಯಲ್ಲಿ ಮಾಡುವುದು ಎಂದು ನೋಡಿದರು. ಬಸ್ಸಿನ ಕುಲುಕಾಟದಲ್ಲಿ ಚಿಲ್ಲರೆ ಎಣಿಸಿದ ಕೈ ಅದು, ಪಿನ್ನಿನ ಬಳಿ ನಿಲ್ಲಲಿಲ್ಲ. ಒಂದು ನೆಟ್ಟಗಾಗುವಷ್ಟರಲ್ಲಿ ಪಕ್ಕದ್ದು ವಾಲುತ್ತಿತ್ತು. "ಬಿಡ್ರಿ, ಅದು ಟಿಕೆಟ್ ಅಲ್ಲ ಹರಿಯಾಕೆ" ಎಂದು ಅಕ್ಕ ನಗಿಸಿದರಂತೆ. ಆಮೇಲೆ ಒಂದು ದಿನ ಯಾರದೋ ಒಳ್ಳೆಯ ಬೋರ್ಡು ಪೂರ್ತಿ ಕೆಟ್ಟಿತು. ಬೋರ್ಡಿನ ಒಡೆಯ ಪರವಾಗಿಲ್ಲ ಬಿಡ್ರಿ ಎಂದ. ಅಕ್ಕನಿಗೆ ಆ ಪರವಾಗಿಲ್ಲ ತಡೆಯಲಾಗಲಿಲ್ಲ. ಅಂಗಡಿ ಖಾಲಿ ಮಾಡಿ ಭಾವನ ಊರು ಮತ್ತೋಡಿಗೆ ಹೋದರು.

ನಾನು ಅಲ್ಲಿಗೆ ಕೊನೆಯ ಸಲ ಹೋದಾಗ ಅಕ್ಕ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ಎದುರಿಗೆ ಕೂರಿಸಿಕೊಂಡು, ಮುಖವನ್ನು ಮೇಲಿನಿಂದ ಕೆಳಗೆ ತುಂಡು ತುಂಡಾಗಿ ನೋಡಿದರು: ಹಣೆ, ಆಮೇಲೆ ಕಣ್ಣು, ಆಮೇಲೆ ಬಾಯಿ.

"ಏನಪ್ಪ, ಮೀಸೆ ಬಿಳಿ ಆಗೈತೆ. ಪ್ರೆಸ್ಸಲ್ಲಿ ಮಸಿ ಸಿಗಲ್ವಾ?"

ಈಗಿನ ಲ್ಯಾಪ್‌ಟಾಪುಗಳ ಬೋರ್ಡುಗಳು ಹೇಗಿರುತ್ತವೆ ಎಂದು ಕೇಳಿದರು. ರ‍್ಯಾಮನ್ನು ಬೋರ್ಡಿಗೇ ಬೆಸೆದುಬಿಡುತ್ತಾರೆ, ಕಿತ್ತು ಬದಲಾಯಿಸುವಂತಿಲ್ಲ ಎಂದೆ. ಅವರಿಗೆ ನಿಜಕ್ಕೂ ಬೇಸರವಾಯಿತು. ಒಂದು ಕೆಟ್ಟರೆ ಎಲ್ಲವನ್ನೂ ಎಸೆಯಬೇಕೇ ಎಂದು ಕೇಳಿದರು. ನಾನು ಏನೋ ಸಮಾಧಾನ ಹೇಳಲು ಹೊರಟೆ. ಬಹುಶಃ ಊರಿನಲ್ಲಿ ಎಲ್ಲರೂ ನಿಮ್ಮನ್ನು ಎಷ್ಟು ನೆನೆಸಿಕೊಳ್ಳುತ್ತಾರೆ ಎಂಬಂಥ ಮಾತು. ಅವರು ಕೈಯೆತ್ತಿ ತಡೆದರು.

"ನನ್ ಮೇಲೆ ಪ್ರೀತಿ ಇತ್ತು, ಗೊತ್ತು. ಅದ್ನ ಮತ್ತೆ ಹೇಳ್ಬ್ಯಾಡ."

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಎದೆನೋವು ಬಂದು, ಹೊಸದುರ್ಗದ ಆಸ್ಪತ್ರೆ ಮುಟ್ಟುವ ಮುಂಚೆ ದಾರಿಯಲ್ಲೇ ಅಕ್ಕ ತೀರಿಕೊಂಡರು. ಕಣ್ಣಿನ ಹನಿಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ ಎಂದು ಭಾವ ಫೋನಿನಲ್ಲಿ ಹೇಳಿದರು, ಅದಕ್ಕೂ ಎದೆನೋವಿಗೂ ಸಂಬಂಧ ಇದ್ದ ಹಾಗೆ.

ತಿಥಿಗೆ ಹಿರಿಯೂರು ಕಡೆಯಿಂದ ಹಳೆಯ ಗಿರಾಕಿಗಳು ಬಹಳ ಜನ ಬಂದಿದ್ದರು. ಊಟಕ್ಕೆ ಕೂತ ಸಾಲಿನಲ್ಲಿ ನನ್ನ ಪಕ್ಕ ಹರಿಯಬ್ಬೆಯ ಮೇಷ್ಟ್ರೊಬ್ಬರಿದ್ದರು. ಒಂದು ಸಲ ಅಕ್ಕ ತಮಗೆ ಏನೂ ಇಲ್ಲದ ಕಡೆ ರ‍್ಯಾಮ್ ಎಂದು ತೋರಿಸಿದ್ದರು, ಆಗಲೇ ಅನುಮಾನ ಬಂದಿತ್ತು ಎಂದರು. ಆಚೆ ಎಲೆಯ ಸ್ಟುಡಿಯೋದವರು, ತಮಗೆ ಅದಕ್ಕೂ ಮುಂಚೆಯೇ ಗೊತ್ತಿತ್ತು ಎಂದರು. ಅವರಾಚೆ ಕೂತವರು ಇನ್ನೂ ಮುಂಚಿನ ಒಂದು ಸಂಗತಿ ತೆಗೆದರು. ಒಬ್ಬೊಬ್ಬರೂ ಮೆಲ್ಲಗೆ, ದುಃಖದಿಂದಲೇ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಅಕ್ಕನ ಕಣ್ಣು ಇನ್ನೂ ಉಳಿಯಬಹುದಾಗಿದ್ದ ದಿನಗಳ ಕಡೆಗೆ ಹಿಂದೆ ಹಿಂದೆ ಹೋಗುತ್ತಿದ್ದರು. ಮನೆಯವರಿಗೆ ಗೊತ್ತೇ ಇರುತ್ತದಲ್ಲ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು.

ಭಾವ ಸಾರಿನ ಬಕೆಟ್ ಹಿಡಿದು ಬಡಿಸುತ್ತ ಬರುತ್ತಿದ್ದವರು ನಮ್ಮ ಎದುರು ನಿಂತಿದ್ದು ಯಾರಿಗೂ ಗೊತ್ತಾಗಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಾತು ನಿಂತಿತು.

"ನಾನಂತೂ ಹೇಳ್ಲಿಲ್ಲ" ಎಂದರು. "ನಿಮ್ಮೊಳ್ಗೆ ಒಬ್ರಾದ್ರೂ ಒರಟರು ಇರ್ಬೇಕಿತ್ತು ಕಣ್ರಿ."

ಅವರು ನನ್ನ ಎಲೆಗೆ ಸಾರು ಹಾಕಿ, ಪಕ್ಕದ ಎಲೆಗೆ ಹೋದರು.